ಲವಂಗದ ಕೈ, ಬಸವನಹುಳುವಿನ ನರ

ಗುಡ್ನಾಪುರ
12 ಡಿಸೆಂಬರ್ 2004

ಮಗಳಂತಿರುವ ಯಾಸ್ಮೀನವ್ವನಿಗೆ, ನಿನ್ನ ಕಲ್ಲಯ್ಯ ಕಾಕಾ ಮನಸಾರೆ ಹರಸಿ ಬರೆಯುವುದು.

ಲಕೋಟೆಯ ಮೇಲೆ ನಿನ್ನ ಹೆಸರಿನ ಮುಂಚೆ ‘ಡಾ.’ ಎಂದು ಬರೆದೆ. ಒಂದು ಸಲ ಬರೆದರೆ ಸಮಾಧಾನವಾಗಲಿಲ್ಲ. ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ನಾಲ್ಕೈದು ಸಲ ಬರೆದು ನೋಡಿದೆ. ಮೂವತ್ತೊಂದು ವರ್ಷ ಶಿರಸಿಯ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದವನು ನಾನು. ಎಷ್ಟೋ ಡಾಕ್ಟರೇಟುಗಳ ಮೇಜು ಒರೆಸಿದ್ದೇನೆ, ಗಾಜಿನ ಸಾಮಾನು ತೊಳೆದಿದ್ದೇನೆ. ಅವರೆಲ್ಲ ಆಗಿ ಬಂದವರು. ನೀನೊಬ್ಬಳು ನನ್ನ ಕಣ್ಣೆದುರಿಗೆ ಆದವಳು.

ಇಲ್ಲಿ ನಾವೆಲ್ಲ ಗಟ್ಟಿಯಾಗಿದ್ದೇವೆ. ಧಾರವಾಡದಿಂದ ಬಂದು ಇಂದಿಗೆ ಎಂಟು ದಿನ. ಊರಿನವರಿಗೆಲ್ಲ ನಿನ್ನ ಕಥೆ ಹೇಳಿ ಹೇಳಿ ನನ್ನ ಗಂಟಲು ಕಟ್ಟಿದೆ. ಬಸವನಹುಳುವಿಗೂ ನರ ಇದೆಯೇ ಎಂದು ಕೇಳಿದವರಿಗೆ ನೆಲದ ಮೇಲೆ ಕಡ್ಡಿಯಿಂದ ಚಿತ್ರ ಬರೆದು ತೋರಿಸಿದ್ದೇನೆ. ಆದರೆ ಈ ಎಂಟು ದಿನದಲ್ಲಿ ಯಾರಿಗೂ ಹೇಳದ ಮಾತೊಂದಿದೆ. ಅದನ್ನು ನಿನಗೇ ಹೇಳಬೇಕು. ಅದರ ಜಾಗ ಬಂದಾಗ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೇ ಮೊದಲು ಬರೆದರೆ ಬೇಸರಪಡಬೇಡ. ನನ್ನ ಕಡೆಯಿಂದ ಅದು ಹೇಗೆ ಕಂಡಿತೆಂದು ನಿನಗೆ ಗೊತ್ತಿಲ್ಲ.

ತೊಂಬತ್ನಾಲ್ಕನೆಯ ಇಸವಿ. ನೀನು ಬಿ.ಎಸ್ಸಿ. ಎರಡನೆಯ ವರ್ಷದ ಹುಡುಗಿ. ನಾನು ಪ್ರತಿ ಸೋಮವಾರ ಊರಿನಿಂದ ಬರುವಾಗ ಗುಡ್ನಾಪುರದ ಕೆರೆಯ ಬಸವನಹುಳುಗಳನ್ನು ಡಬ್ಬಿ ತುಂಬ ತರುತ್ತಿದ್ದೆ. ಅವನ್ನು ಗಾಜಿನ ತೊಟ್ಟಿಯಿಂದ ಎತ್ತಿ ತಟ್ಟೆಯಲ್ಲಿಟ್ಟು, ಚಿಪ್ಪಿನಿಂದ ಹೊರಬಂದು ನಡೆಯಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತವೆ ಎಂದು ಬರೆಯುವುದು ಆ ದಿನದ ಪಾಠ. ಉಳಿದ ಹುಡುಗರು ಹುಳು ಹೊರಬಂದ ತಕ್ಷಣ ಬರೆದು ಓಡಿಹೋದರು. ನಿನ್ನ ತಟ್ಟೆಯವು ಹೊರಗೇ ಬರಲಿಲ್ಲ. ನೀನು ಅಳುವ ಹಾಗಾಗಿದ್ದೆ. ನಾನು ನನ್ನ ಕೈಯಿಂದ ಎರಡು ಎತ್ತಿಟ್ಟೆ. ಅವು ನಿಮಿಷದೊಳಗೆ ಕೊಂಬು ಚಾಚಿದವು.

“ಕಾಕಾ, ನೀವು ಎತ್ತಿದ್ದು ಆಗ್ಲೇ ನಡೀತಾ ಇದೆ. ನಾನು ಮುಟ್ಟಿದ್ದು ಮಾತ್ರ ಯಾಕೆ ಬರ್ತಾ ಇಲ್ಲ?” ಎಂದೆ.

“ನಿನ್ನ ಕೈಯಾಗ ಏನೋ ಐತಿ. ಮೂಸಿ ನೋಡಿಕೋ,” ಎಂದೆ ನಾನು, ತಮಾಷೆಗೆ.

ನೀನು ನಿಜವಾಗಿಯೂ ಮೂಸಿದೆ. ಲವಂಗ. ನಿನ್ನ ತಾಯಿ ಶಮ್ಸುನ್ನಿಸಾ ಬಾಯಿಯವರು ಆಗ ಮನೆಯಲ್ಲಿ ವ್ಯಾಪಾರಿಗಳ ಲವಂಗದ ತೊಟ್ಟು ಬಿಡಿಸಿ, ಕಡ್ಡಿ ಆರಿಸಿ ಕೊಡುತ್ತಿದ್ದರು. ಕಾಲೇಜಿಗೆ ಬರುವ ಮೊದಲು ನೀನೂ ಒಂದು ತಾಸು ಅವರ ಜೊತೆ ಕೂರುತ್ತಿದ್ದೆ. ಬೇರೆ ಯಾರಾದರೂ ಆಗಿದ್ದರೆ ಕೈ ತೊಳೆದು ಬಂದು ಪಾಠ ಮುಗಿಸುತ್ತಿದ್ದರು. ನೀನು ಒಂದು ಕೈಯನ್ನು ಸೋಪು ಹಾಕಿ ತೊಳೆದೆ, ಇನ್ನೊಂದನ್ನು ಹಾಗೇ ಬಿಟ್ಟೆ. ಎಡಗೈಯಿಂದ ಹತ್ತು, ಬಲಗೈಯಿಂದ ಹತ್ತು ಹುಳು ಎತ್ತಿ ಎರಡು ತಟ್ಟೆಯಲ್ಲಿಟ್ಟು, ಎಲ್ಲರೂ ಹೋದ ಮೇಲೂ ಗಡಿಯಾರ ನೋಡುತ್ತ ಕುಳಿತೆ. ನಾನು ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಬೈಯಬೇಕೆಂದು ಬಾಯಿ ತೆರೆದವನು ನಾನೂ ಗಡಿಯಾರ ನೋಡತೊಡಗಿದೆ. ಆ ಹೊತ್ತಿಗೆ ನನಗೂ ಉತ್ತರ ಬೇಕಾಗಿತ್ತು.

ಆಮೇಲೆ ನೀನು ನನ್ನ ಬೆನ್ನು ಬಿಡಲಿಲ್ಲ. ಹುಳುವಿನ ನರ ಎಲ್ಲಿದೆ, ತೋರಿಸಿ ಎಂದೆ. ನಾನು ಕಲಿತದ್ದು ಪುಸ್ತಕದಿಂದಲ್ಲ. ಹಿಂದಿನ ಪ್ರೊಫೆಸರರೊಬ್ಬರು ಕೈ ನಡುಗುತ್ತದೆಂದು ನನ್ನಿಂದ ಕೊಯ್ಯಿಸುತ್ತಿದ್ದರು, ಹಾಗೆ ಬಂದ ವಿದ್ಯೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮವ್ವನಿಗೆ ಹೇಳಿದಾಗ ಅವಳು ಹಣೆಯ ವಿಭೂತಿ ಮುಟ್ಟಿಕೊಂಡು, “ಜಂಗಮರ ಮನಿಯಾಗ ಹುಟ್ಟಿ ಬಸವಣ್ಣನ ಹೆಸರಿನ ಹುಳ ಕೊಯ್ತೀಯೇನೋ?” ಎಂದು ಎರಡು ದಿನ ಮಾತು ಬಿಟ್ಟಿದ್ದಳು. ಆ ಪಾಪ ಪುಣ್ಯದ ವಿಚಾರ ನನಗೆ ಇಂದಿಗೂ ಬಗೆಹರಿದಿಲ್ಲ. ಆದರೆ ಕೊಯ್ಯುವುದಾದರೆ ಹುಳುವಿಗೆ ಬೇಗ ಮುಗಿಯಬೇಕು, ಕೆಲಸ ಚೊಕ್ಕವಾಗಬೇಕು ಎಂದು ನಿಯಮ ಮಾಡಿಕೊಂಡಿದ್ದೆ. ನಿನಗೂ ಅದನ್ನೇ ಹೇಳಿದೆ. ಅನ್ನನಾಳದ ಸುತ್ತ ನರದ ಗಂಟುಗಳು ಸಣ್ಣ ಮಣಿಗಳ ಸರದ ಹಾಗೆ ಕಟ್ಟಿಕೊಂಡಿರುತ್ತವೆ. ಒಂದು ಮಣಿಯೂ ಹರಿಯದ ಹಾಗೆ ಆ ಸರ ತೆಗೆಯಬೇಕು. ನಿನಗೆ ಮೊದಲ ತಿಂಗಳು ಒಂದೂ ಬರಲಿಲ್ಲ. ಮೂರನೆಯ ತಿಂಗಳು ನೀನು ತೆಗೆದ ಸರವನ್ನು ಕನ್ನಡಕ ಹಾಕಿಕೊಂಡು ನೋಡಿದೆ. ಅದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ನೀನು ತೊಂಬತ್ತೆಂಟರಲ್ಲಿ ಮತ್ತೆ ನಮ್ಮ ಪ್ರಯೋಗಾಲಯಕ್ಕೇ ಬಂದೆ, ಸಂಶೋಧನೆ ಮಾಡುತ್ತೇನೆಂದು. ವಿಭಾಗದ ಮುಖ್ಯಸ್ಥರು ನಿನಗೆ ಮಾರ್ಗದರ್ಶಕರಾದರು. ವಿಷಯ ಯಾವುದು ಎಂದು ಅವರು ಕೇಳುವ ಮೊದಲೇ ನಿನಗೆ ಗೊತ್ತಿತ್ತು. ಹಿಂದಿನ ರಜೆಯಲ್ಲಿ ಹುಳು ಆರಿಸಲು ನನ್ನ ಜೊತೆ ಗುಡ್ನಾಪುರಕ್ಕೆ ಬಂದಿದ್ದೆಯಲ್ಲ, ಆಗ ಚೌಡಮ್ಮನ ಎಮ್ಮೆಯನ್ನು ನೋಡಿದ್ದೆ. ಕೆರೆಯ ಕೆಳಗಿನ ಗದ್ದೆಯ ಚೌಡಮ್ಮ, ಗಂಡ ಸತ್ತ ಮೇಲೆ ನಾಲ್ಕು ಎಮ್ಮೆಯ ಹಾಲಿನ ಮೇಲೆ ಬದುಕು ಕಟ್ಟಿದವಳು. ಆ ಎಮ್ಮೆಯ ಗದ್ದದ ಕೆಳಗೆ ನೀರು ತುಂಬಿದ ಚೀಲ ನೇತಾಡುತ್ತಿತ್ತು. ಮೈ ಒಣಗಿ ಎಲುಬು ಎದ್ದಿತ್ತು. ದನದ ಡಾಕ್ಟರು ಬಂದು, ಈಲಿಯಲ್ಲಿ, ಅಂದರೆ ಯಕೃತ್ತಿನಲ್ಲಿ, ಚಪ್ಪಟೆ ಹುಳು ಸೇರಿದೆ, ಅದರ ಮರಿ ಬೆಳೆಯುವುದು ನೀರಿನ ಬಸವನಹುಳುವಿನ ಹೊಟ್ಟೆಯಲ್ಲಿ, ಅಲ್ಲಿಂದ ಹುಲ್ಲಿಗೆ ಬಂದು ಎಮ್ಮೆಯ ಹೊಟ್ಟೆ ಸೇರುತ್ತದೆ ಎಂದು ವಿವರಿಸಿದರು.

ಚೌಡಮ್ಮ ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟುಕೊಂಡು, “ಹಂಗಾರ ಈ ಹುಳಾನ ಇಲ್ಲದಂಗ ಮಾಡ್ರಲ್ಲ ಸಾಹೇಬರ,” ಎಂದಳು.

ಡಾಕ್ಟರು, ಅದಕ್ಕೆ ಹಾಕುವ ವಿಷ ಕೆರೆಯ ನೀರನ್ನೂ ಕೆಡಿಸುತ್ತದೆ ಎಂದರು. ನೀನು ಶಿರಸಿಯ ಹೊಸ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮೇಲೆ, “ಕಾಕಾ, ನಾವು ತಿನ್ನೋ ವಸ್ತುವಿನಿಂದಲೇ ಹುಳಕ್ಕೆ ಮದ್ದು ಆಗೋದಾದ್ರೆ?” ಎಂದೆ. ಆ ಎಮ್ಮೆ ಹದಿನೈದು ದಿನಕ್ಕೆ ಸತ್ತಿತು. ನಾನೇ ನಿನಗೆ ಪತ್ರ ಬರೆದು ತಿಳಿಸಿದ್ದೆ.

ಮುಂದಿನ ಎರಡು ವರ್ಷ ನನ್ನ ನೌಕರಿಯ ಒಳ್ಳೆಯ ಕಾಲ. ನಮ್ಮ ಪ್ರಯೋಗಾಲಯ ಎಂದರೆ ಫಾರ್ಮಲಿನ್ ವಾಸನೆ, ನೀನು ಬಂದ ಮೇಲೆ ಮಸಾಲೆ ಅಂಗಡಿಯ ವಾಸನೆ. ಲವಂಗ, ಓಮ, ಶುಂಠಿ, ಜಾಯಿಕಾಯಿ, ಕಾಳುಮೆಣಸು. ಯಲ್ಲಾಪುರ, ಮಂಚಿಕೇರಿ ಕಡೆಯಿಂದ ಮೆಣಸು ತರುವ ನಿನ್ನಪ್ಪ ಕರೀಂ ಸಾಹೇಬರು ತಮ್ಮ ಟೆಂಪೋದಲ್ಲಿ ನಿನಗೆಂದೇ ಒಂದೊಂದು ತೋಟದ್ದೂ ಹಿಡಿಹಿಡಿ ಬೇರೆ ಕಟ್ಟಿ ತರುತ್ತಿದ್ದರು. ಐಸ್‌ಕ್ಯಾಂಡಿ ಕಾರ್ಖಾನೆಯಿಂದ ಮಂಜುಗಡ್ಡೆ ತಂದು ಭತ್ತದ ಹೊಟ್ಟಿನಲ್ಲಿ ಹುದುಗಿಸಿ ಕೊಡುವವರೂ ಅವರೇ. ಒಂದು ಸಲದ ಪರೀಕ್ಷೆಗೆ ಐವತ್ತು ಹುಳುಗಳ ನರ ಬೇಕು. ನೀನು ಒಂದು ಕಡೆ, ನಾನು ಒಂದು ಕಡೆ, ನಡುವೆ ಮಂಜುಗಡ್ಡೆಯ ಬೋಗುಣಿ. ಬೆಳಿಗ್ಗೆ ಕುಳಿತರೆ ಊಟದ ಹೊತ್ತಿಗೆ ಮುಗಿಯುತ್ತಿತ್ತು. ಅದನ್ನು ಫ್ಲಾಸ್ಕಿನಲ್ಲಿಟ್ಟು ನೀನು ಧಾರವಾಡದ ಯಂತ್ರಕ್ಕೆ ಒಯ್ಯುತ್ತಿದ್ದೆ. ಕಂಡಕ್ಟರ್ ಚಹಾ ಇದೆಯಾ ಎಂದು ಕೇಳಿದಾಗ, ಹುಳುವಿನ ಮಿದುಳಿದೆ ಎಂದು ಹೇಳಿ ಇಡೀ ಸೀಟು ಖಾಲಿ ಮಾಡಿಸಿಕೊಂಡಿದ್ದೆಯಂತೆ.

ಆ ಯಂತ್ರ ಹೇಳಿದ್ದನ್ನು ನೀನು ನನಗೆ ಅರ್ಥವಾಗುವ ಹಾಗೆ ಹೇಳಿದೆ. ಪದವಿ ಇಲ್ಲದವನಿಗೆ ಇದೆಲ್ಲ ಯಾಕೆ ಎನ್ನಲಿಲ್ಲ. ಒಂದು ನರದಿಂದ ಮುಂದಿನದಕ್ಕೆ ಸುದ್ದಿ ಒಯ್ಯುವ ಒಂದು ರಸ ಇದೆ. ಸುದ್ದಿ ಮುಟ್ಟಿದ ಕೂಡಲೇ ಆ ರಸವನ್ನು ಗುಡಿಸಿಹಾಕುವ ಇನ್ನೊಂದು ಪದಾರ್ಥ ಇದೆ. ಲವಂಗದ, ಓಮದ ಸತ್ವ ಆ ಗುಡಿಸುವವನ ಕೈ ಕಟ್ಟಿಹಾಕುತ್ತದೆ. ಆಗ ಮುಗಿದ ಸುದ್ದಿ ಮುಗಿಯುವುದೇ ಇಲ್ಲ. ಸ್ನಾಯು ಹಿಡಿದುಕೊಳ್ಳುತ್ತದೆ, ಹುಳು ಮೊದಲು ತಿರುಚಿಕೊಳ್ಳುತ್ತದೆ, ಆಮೇಲೆ ಚಿಪ್ಪಿನಿಂದ ಅರ್ಧ ಜೋತುಬಿದ್ದು ಸುಮ್ಮನಾಗುತ್ತದೆ. ನೀನು ಹೇಳುತ್ತಿದ್ದಾಗ ನನಗೆ ಆ ತೊಂಬತ್ನಾಲ್ಕರ ತಟ್ಟೆ ಕಣ್ಣಿಗೆ ಬಂತು. ನಮ್ಮ ಕಡೆಯ ಕಾಳುಮೆಣಸೇ ಗೆಲ್ಲಲಿ ಎಂದು ನನಗೂ ನಿನ್ನಪ್ಪನಿಗೂ ಆಸೆಯಿತ್ತು. ಅದು ಮೂರನೆಯದಾಯಿತು. ಓಮ ಮೊದಲು, ಲವಂಗ ಎರಡನೆಯದು. ಕರೀಂ ಸಾಹೇಬರು, “ಮತ್ತೊಮ್ಮೆ ನೋಡು ಬೇಟಿ, ನಮ್ಮ ಮೆಣಸು ಅಷ್ಟು ಸಪ್ಪೆ ಇಲ್ಲ,” ಎಂದರು. ನೀನು ಮತ್ತೊಮ್ಮೆ ನೋಡಿದೆ, ಮೂರನೆಯದೇ ಬಂತು, ಮೂರನೆಯದೆಂದೇ ಬರೆದೆ.

ಎರಡು ಸಾವಿರನೆಯ ಇಸವಿಯ ಏಪ್ರಿಲ್ ತಿಂಗಳು. ಗಾಜಿನ ತೊಟ್ಟಿಯಲ್ಲಿ ಆದದ್ದು ಬಯಲಿನಲ್ಲೂ ಆಗುತ್ತದೆಯೇ ಎಂದು ನೋಡಬೇಕಿತ್ತು. ಚೌಡಮ್ಮ ತನ್ನ ಗದ್ದೆಯ ತುದಿಯ ಎರಡು ಹೊಂಡಗಳನ್ನು ಕೊಟ್ಟಳು. ಮೀನುಗಾರಿಕೆ ಇಲಾಖೆಯವರು ಕೊಟ್ಟ ಕಾಟ್ಲಾ ಮರಿಗಳಿದ್ದವು ಅವಳ ಹತ್ತಿರ. ಒಂದೊಂದು ಹೊಂಡಕ್ಕೆ ಇನ್ನೂರರಂತೆ ನೀನೇ ಎಣಿಸಿ ಬಿಟ್ಟೆ. ಒಂದಕ್ಕೆ ಲವಂಗ, ಓಮದ ಸತ್ವ ಸುರಿದೆವು. ಇನ್ನೊಂದಕ್ಕೆ ಏನೂ ಇಲ್ಲ. ಮರುದಿನ ಹತ್ತು ಗಂಟೆಗೆ ಹುಬ್ಬಳ್ಳಿಯಿಂದ ಪಶು ಔಷಧ ತಯಾರಿಸುವ ಕಂಪನಿಯವರು ನೋಡಲು ಬರುವವರಿದ್ದರು.

ಇಲ್ಲಿಂದ ಮುಂದಿನದು ನಿನಗೆ ಪೂರ್ತಿ ಗೊತ್ತಿಲ್ಲ.

ಸತ್ವ ಸುರಿದ ದಿನ ಸಂಜೆ ನೀನು ಶಿರಸಿಗೆ ಹೋದ ಮೇಲೆ ಮುಖ್ಯಸ್ಥರು ಹೊಂಡ ನೋಡಲು ಬಂದರು. ನೀರಿನ ಮೇಲೆ ಕೆಲವು ಮರಿಗಳು ಬಾಯಿ ಬಿಡುತ್ತಿದ್ದವು. ಅವರು ಸ್ವಲ್ಪ ಹೊತ್ತು ನೋಡಿ, “ಕಲ್ಲಯ್ಯ, ಬೆಳಿಗ್ಗೆ ಹುಡುಗಿ ಬರೋ ಮೊದ್ಲು ದಡ ಒಂಚೂರು ಚೊಕ್ಕ ಮಾಡಿಬಿಡು. ನಾಲ್ಕು ಮೀನು ತೇಲಿದ್ದು ಕಂಡ್ರೆ ಹೆದರಿಬಿಡ್ತಾಳೆ,” ಎಂದರು. ತಪ್ಪೇನೂ ಕಾಣದ ಹಾಗೆ ಹೇಳುವುದು ಅವರಿಗೆ ಗೊತ್ತಿತ್ತು. ಕಾಣದ ಹಾಗೆ ಕೇಳಿಸಿಕೊಳ್ಳುವುದು ನನಗೆ ರೂಢಿಯಾಗಿತ್ತು. ಇಪ್ಪತ್ತು ವರ್ಷ ಅವರ ಕೈಕೆಳಗೆ ಇದ್ದವನು, ನಿವೃತ್ತಿಗೆ ಒಂದು ವರ್ಷ ಉಳಿದವನು. ಇದನ್ನು ನೆಪ ಎಂದು ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ಬೆಳಕು ಹರಿಯುವಾಗಲೇ ಹೋದೆ. ಮೀನುಗಳು ಹೊಟ್ಟೆ ಮೇಲಾಗಿ ದಡಕ್ಕೆ ಬಂದು ಸೇರಿದ್ದವು. ಲಕ್ಕಿ ಗಿಡದ ಬುಡದಲ್ಲಿ ಗುದ್ದಲಿಯಿಂದ ಒಂದು ಗುಂಡಿ ತೋಡಿದೆ. ಜಾಳಿಗೆಯಿಂದ ಮೊದಲ ಸಲ ಎತ್ತಿದಾಗ ಬಂದವು ಒಂಬತ್ತು. ಅವನ್ನು ಗುಂಡಿಗೆ ಹಾಕಿ ಮಣ್ಣು ಮುಚ್ಚಿ ಕಾಲಿನಿಂದ ಒತ್ತಿದೆ. ಉಳಿದವನ್ನು ಹೊಂಡದ ನೀರಿನ ಸಮೇತ ಬಕೆಟ್ಟಿಗೆ ತುಂಬಿಕೊಂಡು ಎರಡನೆಯ ಗುಂಡಿಗೆ ಗುದ್ದಲಿ ಎತ್ತುವಾಗ ಟೆಂಪೋದ ಹಾರನ್ ಕೇಳಿತು. ಬಸ್ಸಿಗೆ ಕಾಯದೆ ಅಪ್ಪನನ್ನು ಎಬ್ಬಿಸಿಕೊಂಡು ಬಂದಿದ್ದೆ ನೀನು. ಗದ್ದೆಯ ಬದುವಿನ ಮೇಲೆ ಓಡಿ ಬಂದು ಬಕೆಟ್ ನೋಡಿದೆ. ನಿನ್ನ ಮುಖ ಬಿಳಿಚಿಕೊಂಡಿತು. ಆದರೆ ನೀನು ಹೇಳಿದ್ದು ಇದು:

“ಎಣಿಸೋಕೆ ಅಂತ ತೆಗೆದಿಟ್ರಾ ಕಾಕಾ? ಒಳ್ಳೇದಾಯ್ತು.”

ನಾನು “ಹೂಂ” ಎಂದೆ.

ಯಾಸ್ಮೀನವ್ವಾ, ನಾನು ನಿನಗೆ ಹೇಳಿದ ಮೊದಲ ಸುಳ್ಳು ಅದು, ಒಂದೇ ಅಕ್ಷರದ್ದು.

ನೀನು ಬಕೆಟ್ಟಿಗೆ ಕೈ ಹಾಕಿ ಒಂದೊಂದೇ ಎಣಿಸತೊಡಗಿದೆ. ನಲವತ್ತೊಂದು. ನಡುವೆ ಒಮ್ಮೆಲೇ ಅಪ್ಪನನ್ನು ಕೂಗಿದೆ, “ಅಬ್ಬಾ, ಬಾವಿ ನೀರು ತನ್ನಿ! ಇದು ಕಿವಿರು ಆಡಿಸ್ತಾ ಇದೆ!” ಕರೀಂ ಸಾಹೇಬರು ಚೌಡಮ್ಮನ ಕೊಡ ಎತ್ತಿಕೊಂಡು ಓಡಿದರು. ಹೊಸ ನೀರಿಗೆ ಹಾಕಿದ ಮೀನುಗಳಲ್ಲಿ ಒಂದು ಮಗ್ಗುಲು ತಿರುಗಿತು. ಆಮೇಲೆ ಇನ್ನೊಂದು. ಲವಂಗ ಮೀನನ್ನು ಕೊಲ್ಲುವ ಮೊದಲು ಮಲಗಿಸುತ್ತದೆ, ಬೇಗ ಶುದ್ಧ ನೀರು ಸಿಕ್ಕರೆ ಏಳುತ್ತದೆ ಎಂದು ನೀನು ಏದುಸಿರಿನಲ್ಲಿ ಹೇಳುತ್ತಿದ್ದೆ. ಅರ್ಧ ತಾಸಿನಲ್ಲಿ ಹದಿನಾಲ್ಕು ಎದ್ದವು. ಇಪ್ಪತ್ತೇಳು ಏಳಲಿಲ್ಲ. ನೀನು ಎದ್ದವನ್ನು ನೋಡಿ ಅಳುತ್ತ ನಗುತ್ತಿದ್ದೆ. ನಾನು ಲಕ್ಕಿ ಗಿಡದ ಬುಡದ ಹಸಿ ಮಣ್ಣು ನೋಡುತ್ತ ನಿಂತಿದ್ದೆ. ಕಾಲಿನಿಂದ ಒತ್ತುವಾಗ ಅವುಗಳಲ್ಲಿ ಎಷ್ಟು ಬದುಕಿದ್ದವೋ! ಗುದ್ದಲಿ ಅಲ್ಲೇ ಇತ್ತು, ತೋಡಿ ತೋರಿಸಬಹುದಿತ್ತು. ನನ್ನ ಕೈ ಏಳಲಿಲ್ಲ.

ಆ ಮಧ್ಯಾಹ್ನ ನೀನು ಹೊಂಡ ಬತ್ತಿಸಿ ಉಳಿದ ಮೀನು ಎಣಿಸಿದೆ. ನೂರೈವತ್ತು. ಕೂಡಿಸಿದರೆ ನೂರ ತೊಂಬತ್ತೊಂದು. ಒಂಬತ್ತು ಕಡಿಮೆ. ಮೂರು ಸಲ ಎಣಿಸಿದೆ, ನನ್ನಿಂದಲೂ ಎಣಿಕೆ ಮಾಡಿಸಿದೆ. ಕೊನೆಗೆ ಬದುವಿನ ಮೇಲೆ ನಿಂತಿದ್ದ ಕೊಕ್ಕರೆಗಳನ್ನು ನೋಡಿ, “ಇವು ತಿಂದಿರಬೇಕು,” ಎಂದು ಬರೆದುಕೊಂಡೆ. ಬಿಳಿ ರೆಕ್ಕೆಯ ಆ ಪಾಪದ ಹಕ್ಕಿಗಳು!

ಕಂಪನಿಯವರು ಬಂದದ್ದು ಹೋದದ್ದು ನಿನಗೆ ಗೊತ್ತು. ಮಾರನೆಯ ದಿನ ಮುಖ್ಯಸ್ಥರ ಕೋಣೆಗೆ ಚಹಾ ಒಯ್ದಾಗ ನೀನು ಅವರ ಮೇಜಿನ ಎದುರು ನಿಂತಿದ್ದೆ. ಅವರು ಸಿಟ್ಟಿನಿಂದೇನೂ ಮಾತನಾಡುತ್ತಿರಲಿಲ್ಲ.

“ಹುಳ ಸತ್ತಿದೆ, ಅದು ಬರಿ. ಮೀನು ಬಿಸಿಲಿಗೆ ಸತ್ತಿರಬಹುದು. ಒಂದು ಹೊಂಡದ ವಿಷಯ ಬಿಟ್ರೆ ಏನಾಯ್ತು?” ಎಂದರು.

ನೀನು, “ಸರ್, ಪಕ್ಕದ ಹೊಂಡಕ್ಕೂ ಅದೇ ಬಿಸಿಲು ಬಿದ್ದಿದೆ. ಅಲ್ಲಿ ಒಂದೂ ಸತ್ತಿಲ್ಲ. ನಾನು ಬಿಟ್ರೆ ನಾಳೆ ಇದನ್ನ ಗುಡ್ನಾಪುರದ ಕೆರೆಗೇ ಸುರೀತಾರೆ,” ಎಂದೆ.

ನಿನ್ನ ಕೈ ಎಣಿಕೆಯ ಪುಸ್ತಕದ ಮೇಲೆ ಅಲುಗದೆ ಇತ್ತು. ಚಹಾದ ಲೋಟ ಇಟ್ಟು ಹೊರಬಂದವನು ಕಾರಿಡಾರಿನಲ್ಲೇ ನಿಂತೆ. ನಾನು ಕಲಿಸಿದ್ದು ಕೈಯ ಕೆಲಸ. ಇದನ್ನು ನಿನಗೆ ಯಾರು ಕಲಿಸಿದರೋ ಗೊತ್ತಿಲ್ಲ, ನಾನಂತೂ ಅಲ್ಲ. ಇಪ್ಪತ್ತಾರು ವರ್ಷದ ಹುಡುಗಿಯ ಮುಂದೆ ಆ ದಿನ ನಾನು ವಿದ್ಯಾರ್ಥಿಯಾದೆ.

ಅವರು ನಿನ್ನ ಕಾಗದಗಳಿಗೆ ಸಹಿ ಹಾಕುವುದನ್ನು ನಿಲ್ಲಿಸಿದರು. ನೀನು ತೊಟ್ಟಿಗಳನ್ನು ತೊಳೆದು ಬೋರಲು ಹಾಕಿ, ನನ್ನ ಕೈಗೆ ಬೀಗ ಕೊಟ್ಟು, ಯಲ್ಲಾಪುರದ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಹೋದೆ. ಊರವರು ನಿನ್ನ ತಾಯಿಯ ಹತ್ತಿರ, ಓದು ಸಾಕಾಯಿತೇನೋ, ಇನ್ನು ಮದುವೆ ಮಾಡಿ ಎಂದರಂತೆ. ಶಮ್ಸುನ್ನಿಸಾ ಬಾಯಿಯವರು, “ನನ್ನ ಮಗಳು ಲವಂಗದ ಕಡ್ಡಿ ಆರಿಸಿದ ಹಾಗೆ ಸುಳ್ಳು ಆರಿಸಿ ಹೊರಗೆ ಹಾಕಿದ್ದಾಳೆ. ಅದಕ್ಕೆ ತಡ ಆಗಿದೆ,” ಎಂದರೆಂದು ಕರೀಂ ಸಾಹೇಬರು ನನಗೆ ಹೇಳಿದರು.

ನಾನು ನಿವೃತ್ತನಾಗಿ ಊರಿಗೆ ಬಂದ ವರ್ಷವೇ ನೀನು ಚೌಡಮ್ಮನಿಗೆ ಸತ್ತ ಮೀನಿನ ಬದಲು ಹೊಸ ಮರಿ ತಂದುಕೊಟ್ಟೆ. ಅವಳು ಕೊಟ್ಟಿಗೆಯಲ್ಲಿ ಹಿಂಡಿ ಕಲಸುತ್ತಿದ್ದಳು. ನೀನು ಮೀನು ಸಾಯದ ಹಾಗೆ ಹುಳುವನ್ನು ಹೇಗೆ ಹಿಡಿಯುವುದೆಂದು ನನ್ನ ಹತ್ತಿರ ತಲೆ ಕೆಡಿಸಿಕೊಳ್ಳುತ್ತಿದ್ದೆ. ಅವಳು ತಲೆಯೆತ್ತದೆ ಹೇಳಿದಳು:

“ನೀರಿಗ್ಯಾಕ ಸುರೀತಿಯವ್ವಾ? ನನ್ನ ಎಮ್ಮಿಗೆ ಔಷಧ ಕುಡಸಬೇಕಾದ್ರ ನಾ ಕೆರಿಗೆ ಹಾಕ್ತೀನೇನು? ಅದು ತಿನ್ನೂ ಹಿಂಡ್ಯಾಗ ಕಲಸ್ತೀನಿ.”

ನೀನು ಎದ್ದು ನಿಂತುಬಿಟ್ಟೆ. ಎಮ್ಮೆ ಬೆದರಿ ಹಗ್ಗ ಎಳೆಯಿತು. ಆ ಕ್ಷಣವನ್ನು ಎಷ್ಟು ಸಲ ನೆನೆಸಿಕೊಂಡಿದ್ದೇನೋ. ನಿನ್ನ ಪ್ರಬಂಧದ ಮೊದಲ ಪುಟಗಳಲ್ಲಿ ಆ ಮಾತು ಚೌಡಮ್ಮನ ಹೆಸರಿನ ಸಮೇತ ಇದೆ ಎಂದು ಸಾಲೆಯ ಮಾಸ್ತರರು ಓದಿ ಹೇಳಿದಾಗ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಎಮ್ಮೆಗಳಿಗೂ ಹೋಗಿ ಹೇಳಿ ಬಂದಳು.

ಧಾರವಾಡದ ಪ್ರೊಫೆಸರ್ ಬಾಯಿಯವರೊಬ್ಬರು ನಿನ್ನ ಹಳೆಯ ಪುಸ್ತಕ ತರಿಸಿ ನೋಡಿ, ಸತ್ತ ಮೀನಿನ ಪುಟ ಓದಿದ ಮೇಲೆಯೇ ನಿನ್ನನ್ನು ಸಂಶೋಧನೆಗೆ ಸೇರಿಸಿಕೊಂಡರು. ಹುಳುವಿಗೆ ಯಾವ ತಿಂಡಿ ಇಷ್ಟ ಎಂದು ನಾನೂ ನೀನೂ ರಜೆಯಿಡೀ ನೋಡಿದೆವು. ಅಕ್ಕಿ ಗಂಜಿಗೆ ಅವು ಸಾಲುಗಟ್ಟಿ ಬಂದವು. ಆ ಗಂಜಿಯಲ್ಲಿ ಓಮದ ಸತ್ವ ಕಲಸಿ, ಬಟಾಣಿ ಗಾತ್ರಕ್ಕೆ ಹಾಕಿ, ಮೊರದಲ್ಲಿ ಒಣಗಿಸಿಕೊಟ್ಟವರು ನಿನ್ನ ತಾಯಿ. ಹುಳುವಿನ ಸಂಡಿಗೆ ಎಂದು ನಾವು ಕರೆದೆವು. ನೀವು ಅದನ್ನು ಮಹಡಿಯ ಮೇಲೆ ಹರವಿದಾಗ ಪಕ್ಕದ ಮನೆಯವರು ಎಣ್ಣೆಯಲ್ಲಿ ಕರಿದು ಕೊಡಿ ಎಂದಿದ್ದರಂತೆ!

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಅದೇ ಹೊಂಡಕ್ಕೆ ಸಂಡಿಗೆ ಹಾಕಿದೆವು. ಆ ರಾತ್ರಿ ಚೌಡಮ್ಮನ ಮಗ ಹೊಂಡ ಕಾಯುತ್ತಿದ್ದ. ಬೆಳಿಗ್ಗೆ ನಾನು ಹೊಂಡದ ಹತ್ತಿರ ಹೋಗಲಿಲ್ಲ. ನೀನು ಬರುವವರೆಗೆ ಬದುವಿನ ಈಚೆ, ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಯಾಕೆ ಎಂದು ನೀನು ಕೇಳಿದೆ. ಮೊಣಕಾಲು ನೋವು ಎಂದೆ. ನಾಲ್ಕು ದಿನದ ನಂತರ ನೂರಕ್ಕೆ ಅರವತ್ಮೂರು ಹುಳು ಸತ್ತಿದ್ದವು. ಮೀನು ಒಂದೂ ಸತ್ತಿರಲಿಲ್ಲ. ಚೌಡಮ್ಮನ ಎಮ್ಮೆಗಳ ಗದ್ದ ಆ ವರ್ಷವೂ ಈ ವರ್ಷವೂ ಒಣಗಿಯೇ ಇದೆ. ಇದು ಸಂಡಿಗೆಯಿಂದಲೇ ಎಂದು ಬರೆಯವ್ವಾ ಎಂದು ನಾವೆಲ್ಲ ದುಂಬಾಲು ಬಿದ್ದೆವು. ನೀನು ಬರೆಯಲಿಲ್ಲ. ಡಾಕ್ಟರು ಮಾತ್ರೆಯನ್ನೂ ಕೊಟ್ಟಿದ್ದಾರೆ, ಮಳೆ ಬಂದರೆ ಕೆರೆಯಿಂದ ಹೊಸ ಹುಳು ಬರುತ್ತದೆ, ಇಷ್ಟರಿಂದ ಖಚಿತವಾಗಿ ಹೇಳಲಾಗದು ಎಂದು ಬರೆದೆ. ಉಳಿದವರಿಗೆ ಅದು ನಿರಾಸೆಯ ಸಾಲು. ನನಗೆ ಆ ಪುಸ್ತಕದಲ್ಲಿ ಎಲ್ಲಕ್ಕಿಂತ ಎದೆ ಉಬ್ಬಿಸುವ ಸಾಲು ಅದೇ.

ಕಳೆದ ವಾರ ಧಾರವಾಡದ ಆ ಸಭೆಯಲ್ಲಿ ನನ್ನನ್ನೂ ನಿನ್ನಪ್ಪನನ್ನೂ ಹಿಂದಿನ ಬೆಂಚಿನಲ್ಲಿ ಕೂರಿಸಿದ್ದೆ. ಪರೀಕ್ಷಕರ ಇಂಗ್ಲಿಷ್ ನನಗೆ ಅರ್ಥವಾಗದಿದ್ದರೂ ಗೋಡೆಯ ಮೇಲೆ ಬಿದ್ದ ಚಿತ್ರ ಅರ್ಥವಾಯಿತು. ನರದ ಮಣಿಸರ, ಒಂದು ಮಣಿಯೂ ಹರಿಯದ್ದು. ಆಮೇಲೆ ಆ ಕನ್ನಡಕದ ಪರೀಕ್ಷಕರು ಪುಟ ತಿರುಗಿಸಿ ‘ನೈನ್ ಫಿಶ್’ ಎಂದರು. ಎರಡು ಸಲ ಎಂದರು. ನೀನು ಏನೋ ಉತ್ತರಿಸಿದೆ. ನಾನು ಪಕ್ಕದಲ್ಲಿ ಕುಳಿತಿದ್ದ ಹುಡುಗಿಯನ್ನು ಕೇಳಿದೆ. ಆ ಒಂಬತ್ತು ಮೀನು ಎಲ್ಲಿ ಹೋದವು ಎಂದು ಕೇಳುತ್ತಿದ್ದಾರೆ, ಕೊಕ್ಕರೆ ಇರಬಹುದು, ಆದರೆ ತಾನು ಕಣ್ಣಾರೆ ಕಂಡಿಲ್ಲ ಎಂದು ಯಾಸ್ಮೀನ್ ಹೇಳಿದಳು ಎಂದು ಅವಳು ಪಿಸುಗುಟ್ಟಿದಳು.

ಎದ್ದು ನಿಂತು ಹೇಳಬೇಕಿತ್ತು. ಅರ್ಧ ಎದ್ದೆ ಕೂಡ. ಕರೀಂ ಸಾಹೇಬರು, ನೀರು ಬೇಕೇ ಎಂದು ಕೇಳಿ ನನ್ನ ಕೈ ಹಿಡಿದು ಕೂರಿಸಿದರು. ಮತ್ತೆ ಕುಳಿತುಬಿಟ್ಟೆ. ಅಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು, ಯಾರೋ ‘ಡಾಕ್ಟರ್ ಯಾಸ್ಮೀನ್’ ಎಂದರು, ನಿನ್ನಪ್ಪ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ನೀನು ಎಲ್ಲರನ್ನೂ ದಾಟಿ ನನ್ನ ಹತ್ತಿರ ಬಂದು, ಅಷ್ಟು ಜನ ಪ್ರೊಫೆಸರರ ಎದುರು, “ಇವರು ನನ್ನ ಮೊದಲ ಗುರು,” ಎಂದೆ. ಆ ಮಾತು ಕೇಳಿದ ಸಂತೋಷಕ್ಕೆ ನನ್ನ ಕಾಲು ನೆಲದ ಮೇಲಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಒಂದೇ ವಿಚಾರ. ಗುರು ಎನ್ನಿಸಿಕೊಂಡ ಮೇಲೆ ಹೇಳದೆ ಇರುವಂತಿಲ್ಲ.

ವಿಜ್ಞಾನದ ಪತ್ರಿಕೆಗೆ ಕಳಿಸುವ ಲೇಖನ ತಿಂಗಳ ಕೊನೆಗೆ ಮುಗಿಯುತ್ತದೆ ಎಂದು ನೀನು ಹೇಳಿದ್ದೆ. ಇನ್ನೂ ಸಮಯ ಇದೆ. ಸತ್ತದ್ದು ಇಪ್ಪತ್ತೇಳು, ಎದ್ದದ್ದು ಹದಿನಾಲ್ಕು, ಮತ್ತೆ ಒಂಬತ್ತನ್ನು ಎಣಿಕೆಗೆ ಮೊದಲೇ ಹೂಳಲಾಯಿತು, ಅವು ಸತ್ತಿದ್ದವೋ ಮಲಗಿದ್ದವೋ ತಿಳಿಯದು. ಹೀಗೆ ತಿದ್ದು. ಮುಖ್ಯಸ್ಥರು ಹೇಳಿದ್ದನ್ನು ಬರೆಯುವುದು ಬಿಡುವುದು ನಿನಗೆ ಸೇರಿದ್ದು. ಮಣ್ಣು ಮುಚ್ಚಿದ ಕಾಲು ನನ್ನದು. ಕ್ಷಮಿಸು ಎಂದು ಕೇಳಲು ಇದನ್ನು ಬರೆಯಲಿಲ್ಲ. ನೀನು ಸಿಟ್ಟಾದರೂ ಆಗು, ಎಂಟು ದಿನ ಮಾತು ಬಿಟ್ಟರೂ ಬಿಡು. ಆದರೆ ಈ ಕಾಗದ ಓದಿ ಮಡಿಸುವ ಮೊದಲೇ ನೀನು ಪೆನ್ನು ತೆಗೆದುಕೊಳ್ಳುತ್ತೀ ಎಂದು ನನಗೆ ಗೊತ್ತು. ನಾನು ಇಷ್ಟು ಧೈರ್ಯದಿಂದ ಬರೆಯುತ್ತಿರುವುದೇ ಅದರಿಂದ. ಹಾಗೆ ತಿದ್ದುವವಳನ್ನು ನನ್ನ ವಿದ್ಯಾರ್ಥಿನಿ ಎಂದು ಹೇಳಿಕೊಳ್ಳುವ ಭಾಗ್ಯ ಎಷ್ಟು ಅಟೆಂಡರುಗಳಿಗೆ ಸಿಕ್ಕೀತು?

ಪುಸ್ತಕದ ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರು ಹಾಕಿದ್ದೀ. ಮಾಸ್ತರರು ಓದಿದಾಗ ಕೇಳಿದ್ದೇನೆ, ಬೆರಳಿಟ್ಟು ನೋಡಿದ್ದೇನೆ. ಲೇಖನದಲ್ಲಿ ಇನ್ನೊಂದು ಕಡೆಯೂ ಹಾಕು ತಾಯಿ. ಕೊಕ್ಕರೆ ಎಂದು ಇರುವಲ್ಲಿ ಅದನ್ನು ಹೊಡೆದುಹಾಕಿ ಕಲ್ಲಯ್ಯ ಎಂದು ಬರೆ.

ನಿನ್ನ ಕಣ್ಣು ಚುರುಕಾಗಿರಲಿ, ಎಣಿಕೆ ಸರಿಯಾಗಿರಲಿ, ನಿನ್ನ ಕೈಯಿಂದ ಇನ್ನೂ ನೂರು ಜನ ಕಲಿಯಲಿ. ಅಲ್ಲಾಹನೂ ಮಧುಕೇಶ್ವರನೂ ನಿನ್ನನ್ನು ಕಾಯಲಿ.

ನಿನ್ನ ಕಾಕಾ,
ಕಲ್ಲಯ್ಯ ಹಿರೇಮಠ